ಮಾವಶಿ ಹೇಳಿದ ಸುಳ್ಳು

ಮಾವಶಿಯ ಹಿಮ್ಮಡಿಗಳ ಬಿರುಕಿನಲ್ಲಿ ಬೂದು ಬಣ್ಣದ ಗೆರೆಗಳಿದ್ದವು. ಗಾರೆ ಕೆಲಸದಲ್ಲಿ ಸಿಮೆಂಟ್ ತಿಂದುಹಾಕಿದ ಕಾಲು ಅದು. ಆ ಕೆಲಸ ಬಿಟ್ಟು ವರ್ಷಗಳಾದರೂ, ಕಲ್ಲು ತೆಗೆದುಕೊಂಡು ಎಷ್ಟು ಉಜ್ಜಿದರೂ ಗೆರೆ ಹೋಗಿರಲಿಲ್ಲ. ಮೊದಲ ಕೆಲವು ವಾರ ನಾನು ಅವರಲ್ಲಿ ನೋಡಿದ್ದು ಆ ಹಿಮ್ಮಡಿಗಳನ್ನು ಮಾತ್ರ. ಎಂಟು ಗಂಟೆಗೆ ಮುಂಚೆ ಕಸದ ಬಕೆಟ್ ಹೊರಗಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರು ಬಂದು ಕಸ ಸುರಿದುಕೊಂಡು ಮೆಟ್ಟಿಲ ಕಡೆ ತಿರುಗಿದ್ದು ಖಾತ್ರಿಯಾದ ಮೇಲೆ ಒಂದು ಗೇಣು ಬಾಗಿಲು ತೆರೆದು ಬಕೆಟ್ ಒಳಗೆ ಎಳೆದುಕೊಳ್ಳುತ್ತಿದ್ದೆ. ಎದುರು ಸಿಕ್ಕರೆ ಮಾತಾಡಬೇಕಲ್ಲ ಎಂಬ ಭಯ. ನನಗೆ ಮರಾಠಿಯಲ್ಲಿ 'ಹೋ', ಅಂದರೆ ಹೌದು, ಎಂಬುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಪುಣೆಯಲ್ಲಿ ಮನೆಗೆಲಸದವರನ್ನೆಲ್ಲ ಹಾಗೇ ಕರೆಯುತ್ತಾರೆ. ಅವರು ನಿಗಡಿಯ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್‌ನ ಹೆಂಡತಿ. ಕಸ ಒಯ್ಯುವುದು, ಮೆಟ್ಟಿಲು ಒರೆಸುವುದು ಅವರ ಕೆಲಸ. ಗಂಡ ಹೆಂಡತಿ ಕೆಳಗೆ ನೀರಿನ ಪಂಪಿನ ಪಕ್ಕದ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ನಾವು ನಾಲ್ಕನೇ ಮಹಡಿಯಲ್ಲಿ.

ನಾವು ಅಂದೆ, ಆದರೆ ಅಲ್ಲಿ ಇರುತ್ತಿದ್ದವರು ನಾನು, ನಾಲ್ಕು ವರ್ಷದ ಮಗ ಮತ್ತು ಎಂಟು ತಿಂಗಳ ಮಗಳು. ನನ್ನ ಗಂಡ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಮಂಡ್ಯದಿಂದ ನಮ್ಮನ್ನು ಕಟ್ಟಿಕೊಂಡು ಬಂದು, ಕಾರ್ಖಾನೆಗೆ ಹತ್ತಿರ ಅಂತ ನಿಗಡಿಯಲ್ಲಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದರು. ಇಪ್ಪತ್ತನೇ ದಿನಕ್ಕೆ ಅವರನ್ನು ಕುರಕುಂಭದ ಘಟಕಕ್ಕೆ ಹಾಕಿದರು. ಅಲ್ಲಿಂದ ದಿನಾ ಓಡಾಡುವ ದೂರವಲ್ಲ. ವಾರವಿಡೀ ಅಲ್ಲೇ ಒಂದು ರೂಮಿನಲ್ಲಿದ್ದು ಶನಿವಾರ ಸಂಜೆ ಬರುತ್ತಿದ್ದರು, ಭಾನುವಾರ ಪೂರ್ತಿ ನಿದ್ದೆ ಮಾಡುತ್ತಿದ್ದರು. ಕರಾರು ಮುರಿಯುವಂತಿಲ್ಲ, ಊರಿಗೆ ಹೋಗುವಂತಿಲ್ಲ. ಹೊರಗೆ ಹೋಗೋಣವೆಂದರೆ ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು. ಲಿಫ್ಟು ಆಗಾಗ ಕೈಕೊಡುತ್ತಿತ್ತು. ತರಕಾರಿಯನ್ನೂ ಫೋನಿನಲ್ಲಿ ಒತ್ತಿ ತರಿಸುತ್ತಿದ್ದೆ. ಸಾಮಾನಿನ ಒಂಬತ್ತು ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿರಲಿಲ್ಲ. ಯಾಕೆ ಅಂತ ಗಂಡ ಕೇಳಿದಾಗ, ಟೈಮಿಲ್ಲ ಅಂದೆ. ನಿಜ ಹೇಳಬೇಕೆಂದರೆ, ಬಿಚ್ಚಿದರೆ ಇಲ್ಲೇ ಉಳಿಯಬೇಕಾಗುತ್ತದೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಬಕೆಟ್ ಎಳೆದುಕೊಳ್ಳಲು ಬಾಗಿಲು ತೆರೆದರೆ ಮಾವಶಿ ಅಲ್ಲೇ ನಿಂತಿದ್ದರು.

"ಕನ್ನಡದವ್ರೇನ್ರಿ ಅಕ್ಕೋರೆ? ನಿನ್ನಿ ಫೋನಿನ್ಯಾಗ ಮಾತಾಡೋದು ಕೇಳ್ಸ್ತು. ನಮ್ಮದು ಯಾದಗಿರಿ ಕಡಿ ಅದ್ರಿ."

ನಾನು ಕುಣಿದಾಡಬೇಕಿತ್ತು. ಎರಡು ತಿಂಗಳಿಂದ ಮನೆಯವರ ಜೊತೆ, ಫೋನಿನ ಜೊತೆ ಬಿಟ್ಟರೆ ಕನ್ನಡ ಆಡಿರಲಿಲ್ಲ. ಆದರೆ "ಹೌದು, ಮಂಡ್ಯ" ಎಂದಷ್ಟೇ ಹೇಳಿ ನಿಂತೆ. ಮರುದಿನ ಅವರು ಬಟ್ಟೆಯಲ್ಲಿ ಸುತ್ತಿದ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರು. ರೊಟ್ಟಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ನಮ್ಮ ಕಡೆ ರೊಟ್ಟಿ ಎಂದರೆ ಮೆತ್ತಗಿರಬೇಕು. ಮುಟ್ಟಿ ನೋಡಿ ನನ್ನ ಮೋರೆ ಬಿಸಿಯಾಯಿತು. ಮೂರು ದಿನದ ತಂಗಳನ್ನು ತಂದುಕೊಟ್ಟಿದ್ದಾರೆ, ನಾವು ಅಷ್ಟು ಗತಿಗೆಟ್ಟವರ ಹಾಗೆ ಕಾಣುತ್ತೇವೆಯೇ ಎಂದುಕೊಂಡೆ. ಮರುದಿನ ಬೆಳಿಗ್ಗೆ ನಾಲ್ಕನ್ನೂ ಕಸದ ಬಕೆಟ್ಟಿಗೆ ಹಾಕಿ, ಮೇಲೆ ಬಾಳೆಹಣ್ಣಿನ ಸಿಪ್ಪೆ ಮುಚ್ಚಿ ಹೊರಗಿಟ್ಟೆ. ಆ ಬಕೆಟ್ಟನ್ನು ಸುರಿದುಕೊಳ್ಳುವವರು ಯಾರು ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಬೆಲ್ ಆಯಿತು. ತೆರೆದರೆ ಮಾವಶಿಯ ಕೈಯಲ್ಲಿ ಒಂದು ರೊಟ್ಟಿ ಇತ್ತು. ಸಿಟ್ಟಿರಲಿಲ್ಲ. ಬೆರಳಿನಿಂದ ಅದನ್ನು ಟಕಟಕ ಬಡಿದು ತೋರಿಸಿದರು.

"ಇದು ಹಳಸಿದ್ದಲ್ರಿ, ಕಡಕ್ ರೊಟ್ಟಿ. ತಿಂಗಳಾದ್ರೂ ಏನೂ ಆಗಲ್ಲ. ಹೊಸ ಜಾಗಾಕ್ಕ ಹೋದಾಗ ಒಲಿ ಹೂಡೋತನಕ ನಾವು ಇದೇ ತಿನ್ನೋದು. ನಿಮ್ಮ ಡಬ್ಬಿ ಇನ್ನಾ ಬಿಚ್ಚಿಲ್ಲಲ್ಲ, ಅದಕ್ಕ ತಂದಿದ್ದೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ತಪ್ಪಾಯ್ತು, ನಮ್ಮ ಕಡೆ ಮುದ್ದೆ..." ಎಂದು ಏನೋ ತೊದಲಿದೆ.

"ಮುದ್ದಿ ಬರೇ ನುಂಗ್ತೀರಂತಲ್ರಿ, ಕಡಿಯಂಗೇ ಇಲ್ಲಂತ? ಮತ್ತ ದೇವ್ರು ಹಲ್ಲು ಯಾಕ ಕೊಟ್ಟಾನ್ರಿ?" ಎಂದು ನಕ್ಕು ಹೊರಟರು. ಆಮೇಲೆ ಆ ವಿಷಯವನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಬಾಗಿಲ ಸಂದಿ ಮಾತ್ರ ಇನ್ನೂ ಚಿಕ್ಕದಾಯಿತು. ನಾಚಿಕೆಯಾದಾಗ ಹತ್ತಿರ ಹೋಗುವ ಬುದ್ಧಿ ನನಗೆ ಹುಟ್ಟಿನಿಂದ ಇಲ್ಲ.

ಅದಾಗಿ ಹತ್ತು ದಿನಕ್ಕೆ, ಹನ್ನೊಂದು ಗಂಟೆಯ ಹೊತ್ತು, ಒಲೆಯ ಮೇಲೆ ಹಾಲಿಟ್ಟು ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿಗೆ ಬಟ್ಟೆ ಹರವಲು ಹೋದೆ. ಒಂದು ಚಾಪೆಯಷ್ಟು ಜಾಗ, ಎದುರಿಗೆ ಕಬ್ಬಿಣದ ಗ್ರಿಲ್ಲು, ಕೆಳಗೆ ಪೈಪುಗಳು ಇಳಿಯುವ ಕತ್ತಲ ಗೂಡು. ಹಿಂದಿನಿಂದ ಮಗ ಬಾಗಿಲು ತಳ್ಳಿ ಚಿಲಕ ಹಾಕಿದ. ಅವನಿಗದು ಆಟ. ತೆಗೆ ಎಂದೆ. ಎಳೆದ, ಬರಲಿಲ್ಲ. ಇನ್ನೊಮ್ಮೆ ಎಳೆದ. ಆಮೇಲೆ ಅಳು ಶುರುವಾಯಿತು. ಮಗಳು ಒಳಗಿನ ಮಂಚದ ಮೇಲೆ ಮಲಗಿದ್ದಳು. ಫೋನ್ ಒಳಗಿತ್ತು. ಮುಂದಿನ ಬಾಗಿಲಿಗೂ ಒಳಗಿನಿಂದ ಚಿಲಕ, ಸರಪಳಿ, ಹಾಕಿದವಳು ನಾನೇ. ಹಾಲು ಉಕ್ಕಿದ ವಾಸನೆ ಬಂತು.

ಗ್ರಿಲ್ಲಿಗೆ ಮುಖ ಒತ್ತಿ ಕೂಗಿದೆ. "ಯಾರಾದ್ರೂ ಬನ್ನಿ, ಮಗು ಒಳಗಿದೆ, ಯಾರಾದ್ರೂ ಬನ್ನಿ!" ನಾಯಿ ಅಟ್ಟಿಸಿಕೊಂಡು ಬಂದರೂ ನನ್ನ ಬಾಯಲ್ಲಿ ಆಗ ಬೇರೆ ಭಾಷೆ ಬರುತ್ತಿರಲಿಲ್ಲ. ಕೆಲಹೊತ್ತಿಗೆ ಮುಂದಿನ ಬಾಗಿಲಲ್ಲಿ ಜನ ಸೇರಿದ್ದು ಕೇಳಿಸಿತು. ಬಾಗಿಲು ಬಡಿಯುತ್ತಿದ್ದರು, "ಬಾಳಾ, ದಾರ ಉಘಡ್", ಮಗೂ ಬಾಗಿಲು ತೆಗೆ, ಎನ್ನುತ್ತಿದ್ದರು. ಮಗ ಹೆದರಿ ಇನ್ನೂ ಜೋರಾಗಿ ಕಿರುಚಿದ. ಅವನಿಗೆ ಅದರಲ್ಲಿ ಒಂದು ಪದವೂ ಗೊತ್ತಿರಲಿಲ್ಲ.

ಆಗ ಮೆಟ್ಟಿಲ ಪಕ್ಕದ ಕಿಟಕಿಯಿಂದ, ಅದೇ ಗೂಡಿನೊಳಕ್ಕೆ, ಮಾವಶಿಯ ದನಿ ಬಂತು.

"ಅಕ್ಕೋರೆ, ಸಿಲೆಂಡರ್ ನಿಮ್ಮ ಕಾಲ ಬಾಜೂಕೇ ಅದ ನೋಡ್ರಿ! ಬಂದ್ ಮಾಡ್ರಿ ಮೊದ್ಲು!"

ಸಿಲಿಂಡರ್ ನನ್ನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಇಷ್ಟು ಹೊತ್ತು ಅದನ್ನು ತಬ್ಬಿಕೊಂಡೇ ಕೂಗಿದ್ದೆ. ತಿರುಗಿಸಿದೆ. ಒಳಗೆ ಒಲೆ ಆರಿದ ಸದ್ದಾಯಿತು.

"ಈ ಲೈನಿನ ಬಾಗ್ಲಾ ಎಲ್ಲಾ ಜೋತು ಬಿದ್ದಾವ್ರಿ, ಕುಂದ್ರಸೋ ದಿನಾನೇ ನೋಡೀನಿ ನಾ. ನೀವು ಹ್ಯಾಂಡಲ್ ಹಿಡ್ದು ಮ್ಯಾಲಕ್ಕೆತ್ರಿ. ಎತ್ತಿ ಹಿಡೀರಿ, ಬಿಡಬ್ಯಾಡ್ರಿ. ಹುಡುಗನ ಹೆಸರೇನ್ರಿ?"

ಹೇಳಿದೆ. ಅವರು ಮುಂಬಾಗಿಲಿಗೆ ಓಡಿದರು. ಅಲ್ಲಿದ್ದವರನ್ನೆಲ್ಲ ಗದರಿಸಿ ಸುಮ್ಮನಾಗಿಸಿದ್ದು ನನಗೆ ಕೇಳಿಸಿತು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ ಮಗನ ಹೆಸರು ಹಿಡಿದು ಕರೆದರು. "ನಾ ಕೆಳಗಿನ ಅಜ್ಜಿ ಅಪ್ಪಾ. ನಿಮ್ಮವ್ವ ಬಾಗ್ಲಾ ಎತ್ತಿ ಹಿಡದಾಳ. ಈಗ ಹೋಗಿ ಎಳಿ ನೋಡಮು. ಅಳಕೋತ ಎಳದ್ರೂ ನಡೀತದ." ಅಳುತ್ತಲೇ ಅವನ ಹೆಜ್ಜೆ ಅಡುಗೆಮನೆಗೆ ಬಂತು. ನಾನು ಹ್ಯಾಂಡಲ್ ಬಿಡದೆ ಎತ್ತಿ ಹಿಡಿದಿದ್ದೆ. ಚಿಲಕ ಸರಿಯಿತು.

ಮಗಳು ಮಂಚದ ಮೇಲೆ ಕಾಲ್ಬೆರಳು ಬಾಯಿಗಿಟ್ಟುಕೊಂಡು ಹಾಯಾಗಿದ್ದಳು. ನಾನು ಮುಂಬಾಗಿಲು ತೆರೆದು, ಎದುರಿಗಿದ್ದ ಮಾವಶಿಯ ಹೆಗಲಿಗೆ ಬಿದ್ದು ಗೊಳೋ ಎಂದು ಅತ್ತೆ. ಏಳೆಂಟು ಜನ ನೋಡುತ್ತಿದ್ದರು. ಅಳು ಮುಗಿದ ಮೇಲೆ ಮಾವಶಿ ಮೆಲ್ಲಗೆ ಹೇಳಿದರು.

"ತಂಗಿ, ಇಷ್ಟು ಮಂದಿ ಓಡಿ ಬಂದಾರ. ಕೂಸಿಗಿ ಏನಂತ ಕರೀಬೇಕು ಅಂತ ಒಬ್ಬರಿಗೂ ಗೊತ್ತಿಲ್ಲಲ್ಲ."

ಅವತ್ತು ಮಧ್ಯಾಹ್ನ ಅವರು ಹೇಳದೆ ಕೇಳದೆ ಬಂದು ಪೆಟ್ಟಿಗೆಗಳ ಮುಂದೆ ಕೂತರು. ಪುಣೆಗೆ ಬಂದ ಮೇಲೆ ಹದಿನಾಲ್ಕು ಕಡೆ ಮನೆ ಹೂಡಿದವರು ಅವರು, ಎಲ್ಲವೂ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳು. ಕೊನೆಗೆ ಕಟ್ಟಿದ್ದು ನಮ್ಮ ಬಿಲ್ಡಿಂಗು. ಕೆಲಸ ಮುಗಿದಾಗ ಗಂಡನಿಗೆ ಇಲ್ಲೇ ಕಾವಲು ಸಿಕ್ಕಿತ್ತು. ಗೋಡೆಗೆ ಬೆರಳಗಂಟಿನಿಂದ ತಟ್ಟಿ "ಇಲ್ಲಿ ಕಾಲಂ ಅದ, ಮೊಳಿ ಹೋಗಲ್ಲ, ಆಚಿ ಹೊಡೀರಿ" ಎನ್ನುತ್ತಿದ್ದರು. ಒಂದೂ ತಪ್ಪಲಿಲ್ಲ. ಒಂಬತ್ತು ಪೆಟ್ಟಿಗೆ ಸಂಜೆಯೊಳಗೆ ಖಾಲಿಯಾದವು.

ಆಮೇಲೆ ಮಗಳನ್ನು ತಾವೇ ಎತ್ತಿಕೊಂಡು, ನನ್ನನ್ನು ಹೊರಡಿಸಿ, ಮನೆಮನೆಯ ಬೆಲ್ ಒತ್ತಿದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ಹ್ಯಾ ಆಮಚ್ಯಾ ಗಾವಚ್ಯಾ." ಇವರು ನಮ್ಮ ಊರಿನವರು. ಮಂಡ್ಯ ಎಲ್ಲಿ, ಯಾದಗಿರಿ ಎಲ್ಲಿ! ಮೆಟ್ಟಿಲಲ್ಲಿ "ಯಾಕೆ ಸುಳ್ಳು ಹೇಳ್ತೀರಿ?" ಎಂದು ಕೇಳಿದೆ. "ಊರಿಲ್ಲದವ್ರಿಗಿ ಒಳಗ ಯಾರು ಕರೀತಾರವ್ವ?" ಎಂದರು. ಎಲ್ಲರೂ ಒಳಗೆ ಕರೆದರು. ಮೂರನೇ ಮಹಡಿಯ ಅಜ್ಜಿ ಅವಲಕ್ಕಿ ಪೋಹೆ ಕೊಟ್ಟು ಕೂರಿಸಿಕೊಂಡರು, ಪಕ್ಕದ ಮನೆಯಾಕೆ ನನ್ನ ಮಗನನ್ನು ತಮ್ಮ ಮಗಳು ಹೋಗುವ ಬಾಲವಾಡಿಗೆ ಸೇರಿಸಲು ಕರೆದೊಯ್ದರು. ಇವರೆಲ್ಲರ ಜೊತೆ ಮಾತಾಡುತ್ತ, ತಪ್ಪು ಮಾಡಿ ನಗಿಸಿಕೊಳ್ಳುತ್ತ ವರ್ಷದೊಳಗೆ ನನಗೆ ಮರಾಠಿ ಬಂತು. ಕರಾರನ್ನು ನಾವೇ ಕೇಳಿ ಮುಂದುವರಿಸಿದೆವು.

ಎರಡನೇ ಕರಾರು ಮುಗಿಯುತ್ತಿದ್ದಾಗ ಸೊಸೈಟಿಯ ಮೀಟಿಂಗಿಗೆ ನನ್ನನ್ನೂ ಕರೆದರು. ಸಮವಸ್ತ್ರದ ಕಾವಲುಗಾರರನ್ನು ಕಳಿಸುವ ಏಜೆನ್ಸಿಯನ್ನು ಗೊತ್ತುಮಾಡಿದ್ದರು, ಪಂಪಿನ ಪಕ್ಕದ ಕೋಣೆ ಅವರಿಗೆ ಬೇಕಿತ್ತು. ಹಳಬರು, ಎಂದರೆ ಮಾವಶಿ ಮತ್ತು ಅವರ ಗಂಡ, ಭಾನುವಾರದೊಳಗೆ ಖಾಲಿ ಮಾಡಬೇಕು. ಇದನ್ನು ಹೇಳುವವರು ಯಾರು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ನನ್ನ ಕಡೆ ತಿರುಗಿ ನಕ್ಕರು. "ತ್ಯಾ ತುಮಚ್ಯಾ ಗಾವಚ್ಯಾ ಆಹೇತ ನಾ? ತುಮ್ಹೀಚ ಸಾಂಗಾ." ನಿಮ್ಮ ಊರಿನವರಲ್ಲವೇ, ನೀವೇ ಹೇಳಿಬಿಡಿ.

ನಾವು ಬಾಡಿಗೆಯವರು. ಮುಂದಿನ ಕರಾರಿಗೆ ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಮಗನಿಗೆ ಅದೇ ವಾರ ಇಲ್ಲಿನ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಇಷ್ಟೂ ಒಂದೇ ಉಸಿರಿನಲ್ಲಿ ತಲೆಯೊಳಗೆ ಓಡಿತು. ನಾನು "ಹೋ" ಎಂದೆ.

ಕೆಳಗೆ ಹೋದಾಗ ಮಾವಶಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು.

"ನೀ ಹೇಳಬ್ಯಾಡ ತಂಗಿ. ಏಜೆನ್ಸಿಯವ್ರು ನಿನ್ನಿನೇ ಬಂದು ಖೋಲಿ ಅಳದು ಹೋಗ್ಯಾರ. ಹೇಳೀನಿ ಅಂತ ಮ್ಯಾಲ ಹೇಳಿಬಿಡು, ಆಯ್ತು."

ಭಾನುವಾರದವರೆಗೂ ಅವರು ಕಾಯಲಿಲ್ಲ. ಶುಕ್ರವಾರ ಮಧ್ಯಾಹ್ನ ಒಂದು ಟೆಂಪೊದಲ್ಲಿ ಸಾಮಾನು ಹಾಕಿಕೊಂಡು ಹೋದರು. ವಾಘೋಲಿ ಕಡೆ ಯಾವುದೋ ಸೈಟು ಎಂದರು. ಮಗಳು ಅವರ ಸೆರಗು ಬಿಡದೆ ಹಟ ಮಾಡಿದಳು, ಬಿಡಿಸಿ ಒಳಗೆ ತಂದೆ. ಕೊಟ್ಟಿದ್ದ ನಂಬರಿಗೆ ಆಮೇಲೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ.

ಈಗ ನನ್ನ ಮರಾಠಿಯನ್ನು ಎಲ್ಲರೂ ಹೊಗಳುತ್ತಾರೆ. ತರಕಾರಿಯವನ ಹತ್ತಿರ ಜಗಳವಾಡುತ್ತೇನೆ, ಮಗನ ಶಾಲೆಯ ಸಭೆಯಲ್ಲಿ ಎದ್ದು ನಿಂತು ಮಾತಾಡುತ್ತೇನೆ. ಹೊಗಳಿದಾಗೆಲ್ಲ ನನಗೆ ಆ ಮೀಟಿಂಗು ನೆನಪಾಗುತ್ತದೆ. 'ಮೀ ನಾಹೀ ಸಾಂಗಣಾರ.' ನಾನು ಹೇಳುವುದಿಲ್ಲ. ಅಷ್ಟು ಮರಾಠಿ ನನಗೆ ಆಗಲೂ ಬರುತ್ತಿತ್ತು.