ಮೂರನೇ ಬೆಂಚಿನ ಛತ್ರಿ

ಆ ಶನಿವಾರ ಮಧ್ಯಾಹ್ನ ಗಂಡ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ. ಬಾಚುವಷ್ಟು ಕೂದಲೇನೂ ಉಳಿದಿರಲಿಲ್ಲ. ಅವಳು ಬಾಗಿಲಿಗೆ ಒರಗಿ ಕನ್ನಡಿಯಲ್ಲಿ ಅವನ ತುಟಿಯ ಬಣ್ಣ ನೋಡುತ್ತಿದ್ದಳು.

"ಏನೇ ಅದು, ಪೊಲೀಸ್ನೋರ ಥರ ನೋಡ್ತಾ ನಿಂತಿದೀಯ?"

"ತುಟಿ ಯಾಕೋ ಕಪ್ಪಗಿದೆ."

"ಟೀ ಕುಡ್ದೆ. ನಿನ್ನ ಟೀನೇ."

ಅವಳು ನಗಲಿಲ್ಲ. ಮಾತ್ರೆಯ ಡಬ್ಬಿ ಚೀಲದಲ್ಲಿದೆಯೇ ಎಂದು ಮುಟ್ಟಿ ನೋಡಿದಳು. ಇತ್ತು. ಚಪ್ಪಲಿ ಮೆಟ್ಟುವಾಗ ಇನ್ನೊಮ್ಮೆ ಮುಟ್ಟಿ ನೋಡಿದಳು.

ಹೊಲಿಗೆ ಮಷೀನ್ ರಿಪೇರಿ ಅವನ ಕಸುಬು. ವಾರವೆಲ್ಲ ಅಂಗಡಿಯಲ್ಲಿ ಕೂತು ಮಷೀನುಗಳ ಹೊಟ್ಟೆ ಬಿಚ್ಚುವುದು, ಎಣ್ಣೆ ಬಿಡುವುದು, ಗಿರಾಕಿಗಳ ಹತ್ತಿರ ಬೈಸಿಕೊಳ್ಳುವುದು. ಶನಿವಾರ ಬಂದರೆ ಬೇರೆಯೇ ಮನುಷ್ಯ. ಸಂಜೆ ಪಾರ್ಕಿನ ಮಂಟಪದಲ್ಲಿ ಅವನೂ ಅವನ ಗೆಳೆಯರೂ ಸೇರಿ ಹಾಡು ನುಡಿಸುತ್ತಿದ್ದರು. ಡ್ರಮ್ಮು ಕಟಿಂಗ್ ಶಾಪಿನವನದು. ಹಾಡುವವನು ಬಸ್ ಕಂಡಕ್ಟರ್. ಪ್ರತಿ ಹಾಡಿನ ಮೊದಲು ಅಭ್ಯಾಸಬಲದಿಂದ "ರೈಟ್!" ಎಂದು ಕೂಗುತ್ತಿದ್ದುದರಿಂದ ಅವನ ಹೆಸರೇ ರೈಟ್ ಎಂದಾಗಿತ್ತು. ಗಂಡನದು ಅಕಾರ್ಡಿಯನ್. ಹಳೆಯದು, ಭಾರದ್ದು, ಗಾಳಿ ಎಳೆದು ಬಿಡುವ ತಿದಿಯ ಮೂಲೆಗಳಿಗೆಲ್ಲ ಅವನೇ ತೊಗಲಿನ ತೇಪೆ ಹಾಕಿದ್ದ. ಅದಕ್ಕೂ ಮಷೀನ್ ಎಣ್ಣೆಯ ವಾಸನೆಯೇ.

ಅವನಿಗೆ ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಬಂದದ್ದಾಗಿತ್ತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಬಾಜಾ ನುಡಿಸಬಹುದೇ ಎಂದು ಇವನು ಕೇಳಿದ. "ಮನಸ್ಸಿಗೆ ಒಳ್ಳೇದು. ಮೈಗೆ ಹೇಳೋಕಾಗಲ್ಲ" ಎಂದರು ಡಾಕ್ಟರು. ಗಂಡ ಮೊದಲನೆಯ ಮಾತು ಕೇಳಿಸಿಕೊಂಡ. ಅವಳು ಎರಡನೆಯದು ಕೇಳಿಸಿಕೊಂಡಳು. ಆವತ್ತಿನಿಂದ ಮನೆಯಲ್ಲಿ ಅದೇ ಜಗಳ.

ಕೊನೆಗೆ ಒಂದು ಒಪ್ಪಂದವಾಯಿತು. ಅಕಾರ್ಡಿಯನ್ನಿನ ಪೆಟ್ಟಿಗೆಯನ್ನು ಪಾರ್ಕಿನವರೆಗೆ ಅವಳು ಬೆನ್ನಿಗೆ ಹಾಕಿಕೊಂಡು ಹೊರಬೇಕು. ಗೇಟಿನ ಹತ್ತಿರ ಅವನ ಕೈಗೆ ಕೊಡಬೇಕು, ಜನರ ಮುಂದೆ ಅವನ ಮರ್ಯಾದೆ ಉಳಿಯಲಿ ಎಂದು. ಆಮೇಲೆ ಅವಳು ಮೂರನೇ ಬೆಂಚಿನಲ್ಲಿ ಕೂರಬೇಕು. ಅವನ ಮುಖ ಬಿಳಿಚಿಕೊಂಡರೆ, ಉಸಿರು ಹೆಚ್ಚಾದರೆ, ಅವಳು ಛತ್ರಿ ಬಿಚ್ಚಬೇಕು. ಛತ್ರಿ ಬಿಚ್ಚಿದರೆ ಹಾಡು ಯಾವ ಸಾಲಿನಲ್ಲಿದ್ದರೂ ಅವನು ನಿಲ್ಲಿಸಬೇಕು. ಅವನು ಅವಳ ತಲೆ ಮುಟ್ಟಿ ಒಪ್ಪಿಕೊಂಡಿದ್ದ.

ಹೀಗಾಗಿ ಅವಳು ಹಾಡು ಕೇಳಿದ್ದೇ ಇಲ್ಲ. ಅಕ್ಕಪಕ್ಕದವರು ತಲೆದೂಗುವಾಗ ಅವಳ ಕಣ್ಣು ಅವನ ತುಟಿಯ ಮೇಲೆ, ಕುತ್ತಿಗೆಯ ನರದ ಮೇಲೆ. ತಿದಿ ಹಿಗ್ಗಿದಾಗ ಅವಳೂ ಉಸಿರು ಎಳೆದುಕೊಳ್ಳುವಳು, ಕುಗ್ಗಿದಾಗ ಬಿಡುವಳು. ಒಂದೊಂದು ಬಿಸಿಲಿಲ್ಲದ, ಮಳೆಯಿಲ್ಲದ ಸಂಜೆ ಛತ್ರಿ ಬಿಚ್ಚಿದ್ದೂ ಇತ್ತು. "ಬಂತಪ್ಪಾ ಹೈಕೋರ್ಟ್ ಆರ್ಡರು" ಎಂದು ಕಟಿಂಗ್ ಶಾಪಿನವನು ಡ್ರಮ್ಮಿನ ಕೋಲು ಕೆಳಗಿಡುತ್ತಿದ್ದ.

ಆ ಶನಿವಾರ ಮೋಡವಿತ್ತು. ಅವನು ಚೆನ್ನಾಗಿದ್ದ. ಬಣ್ಣ ಚೆನ್ನಾಗಿತ್ತು, ಉಸಿರೂ ಚೆನ್ನಾಗಿತ್ತು. ಕೊನೆಯ ಹಾಡು ಅವನೇ ಕಟ್ಟಿದ್ದು. ಹಾಡೆಂದರೆ ಮಾತಿಲ್ಲ, ಬರೀ ರಾಗ. ಮದುವೆಯಾದ ಹೊಸದರಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಟ್ಟಿದ್ದ. ಅದು ಶುರುವಾಗುತ್ತಲೇ ಹನಿ ಬಿತ್ತು. ಸುತ್ತ ಪಟಪಟನೆ ಛತ್ರಿ ಬಿಚ್ಚಿಕೊಂಡವು. ಅವಳು ಮಾತ್ರ ಛತ್ರಿ ತೊಡೆಯ ಮೇಲಿಟ್ಟುಕೊಂಡು ನೆನೆಯುತ್ತ ಕೂತಳು. ಬಿಚ್ಚಿದರೆ ಅವನು ನಿಲ್ಲಿಸುತ್ತಾನಲ್ಲ. ಮಂಟಪದ ಮೇಲಿಂದ ಅವನು ನೋಡಿದ. ಅವಳ ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ಅವನು ನುಡಿಸುತ್ತಲೇ ನಕ್ಕ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಹೊಸಬಳು. ಮೊಣಕೈಯಿಂದ ತಿವಿದಳು. "ಅಮ್ಮಾ, ಕೈಯಲ್ಲಿ ಛತ್ರಿ ಇಟ್ಕೊಂಡು ನೆನೀತಿದೀರಲ್ಲ!"

"ಇರ್ಲಿ ಬಿಡಿ."

"ಏನ್ ಇರ್ಲಿ? ನೆಗಡಿ ಆಗುತ್ತೆ. ಕೊಡಿ ಇಲ್ಲಿ."

ಬೇಡ ಬೇಡ ಎನ್ನುವಷ್ಟರಲ್ಲಿ ಆಕೆ ಕಿತ್ತುಕೊಂಡು ಬಿಚ್ಚಿಯೇಬಿಟ್ಟಳು. ಅಕಾರ್ಡಿಯನ್ ಗಕ್ಕನೆ ನಿಂತಿತು. ಡ್ರಮ್ಮು ಎರಡು ಪೆಟ್ಟು ಒಂಟಿಯಾಗಿ ಬಾರಿಸಿ ಅದೂ ನಿಂತಿತು. ಗಂಡ ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಂಡ, ನನಗೇನಾಗಿದೆ ಎನ್ನುವಂತೆ. ಜನ ಹೋ ಎಂದರು.

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಕೋಪ. "ಬರೀ ಮಳೆಗೆ ಅಂತ ಗೊತ್ತಾಗ್ಲಿಲ್ವೇನ್ರೀ? ನುಡಿಸ್ಬೇಕಿತ್ತು."

"ತಲೆ ಮುಟ್ಟಿ ಒಪ್ಕೊಂಡಿದೀನಲ್ಲೇ. ನಿನ್ ತಲೆಗೇನಾದ್ರೂ ಆದ್ರೆ?"

"ಅರ್ಧಕ್ಕೆ ನಿಂತೋಯ್ತಲ್ಲ."

"ಮುಂದಿನ ಶನಿವಾರ ಉಳಿದರ್ಧ ನುಡಿಸ್ತೀನಿ. ಬಡ್ಡಿ ಸಮೇತ."

ಪೆಟ್ಟಿಗೆ ಅವಳ ಬೆನ್ನ ಮೇಲಿತ್ತು. ಅವನು ಹಿಂದಿನಿಂದ ಅದಕ್ಕೆ ಛತ್ರಿ ಹಿಡಿದುಕೊಂಡು ಬಂದ. ಇಬ್ಬರೂ ನೆನೆದರು, ಪೆಟ್ಟಿಗೆ ನೆನೆಯಲಿಲ್ಲ.

ಭಾನುವಾರ ಅವಳಿಗೆ ರಜ. ರಜ ಎಂದರೆ ಹೆದರಿಕೆಗೆ ರಜ. ಭಾನುವಾರ ಅವನು ಕಟಿಂಗ್ ಶಾಪಿನ ಹಿಂದಿನ ಕೋಣೆಯಲ್ಲಿ ಕೇರಂ ಆಡುತ್ತಿದ್ದ. ಕೇರಮ್ಮಿನಲ್ಲಿ ಭಾರವಿಲ್ಲ, ಉಸಿರು ಹಿಡಿಯುವುದಿಲ್ಲ, ಒಂದು ಬೆರಳಿನ ಕೆಲಸ. ಅವನು ಮೆಟ್ಟಿಲಿಳಿದು ಹೋಗುವಾಗ ಅವಳು ತುಟಿಯ ಬಣ್ಣ ನೋಡಲಿಲ್ಲ. ಮಾತ್ರೆಯ ಡಬ್ಬಿ ಅವಳ ಚೀಲದಲ್ಲೇ ಉಳಿಯಿತು. ನೆನೆದ ಬಟ್ಟೆ ಹಿಂಡುತ್ತ, "ಊಟಕ್ಕೆ ಬೇಗ ಬನ್ನಿ" ಎಂದು ಕೂಗಿದಳು. "ಹೂಂ ಕಣೆ" ಎಂದು ಕೆಳಗಿನಿಂದ ಕೇಳಿಸಿತು.

ಬಟ್ಟೆ ಹರವುತ್ತಿದ್ದಾಗ ಕಟಿಂಗ್ ಶಾಪಿನವನು ಬಂದು ನಿಂತ. ಅವನ ಕೈಗೆಲ್ಲ ಕೇರಂ ಬೋರ್ಡಿನ ಬಿಳಿ ಪೌಡರು.

ಕೆಂಪು ಕಾಯಿಗೆ ಗುರಿಯಿಟ್ಟು ಬಗ್ಗಿದ ಗಂಡ ಹಾಗೇ ಬೋರ್ಡಿನ ಮೇಲೆ ಒರಗಿದನಂತೆ. ತಮಾಷೆ ಮಾಡುತ್ತಿದ್ದಾನೆಂದು ಗೆಳೆಯರು ಬೈದರಂತೆ. ಅವಳು ಹೋಗಿ ನೋಡಿದಾಗ ಅವನ ತೋರುಬೆರಳ ತುದಿಯೂ ಬೆಳ್ಳಗಿತ್ತು. ಒರೆಸಿದಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಶನಿವಾರಗಳನ್ನೆಲ್ಲ ಕಾದವಳಿಗೆ ಭಾನುವಾರ ಕೈಕೊಟ್ಟಿತ್ತು. ಆಮೇಲೆ ಅವಳಿಗೆ ಎಲ್ಲದರ ಮೇಲೂ ಹೆದರಿಕೆ ಹತ್ತಿತು. ಬಾಗಿಲು ಬಡಿದರೆ ಹೆದರಿಕೆ, ಬಡಿಯದಿದ್ದರೂ ಹೆದರಿಕೆ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಪಕ್ಕಕ್ಕೆ ಹೊರಳಿ ಅವನ ಉಸಿರಿಗೆ ಹೊದಿಕೆ ಮೇಲೇಳುತ್ತಿದೆಯೇ ನೋಡುವಳು. ಎಷ್ಟೋ ವರ್ಷದ ಚಾಳಿ. ಹೊದಿಕೆ ಮಡಿಸಿಯೇ ಇರುತ್ತಿತ್ತು.

ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿಬಿಟ್ಟಳು. ಕಸ ಗುಡಿಸುವಾಗಲೂ ಅದರ ಸುತ್ತ ಗುಡಿಸುವಳು, ಮುಟ್ಟಳು.

ಕೆಲವು ತಿಂಗಳು ಕಳೆದ ಮೇಲೆ ಕಟಿಂಗ್ ಶಾಪಿನವನೂ ರೈಟೂ ಬಂದರು. ಟೀ ಕುಡಿದರು. ಬಾಯಿ ಬಿಡಲು ಒದ್ದಾಡಿದರು.

"ಅತ್ತಿಗೆ, ಆ ಪೆಟ್ಟಿಗೆ..." ಎಂದ ರೈಟ್. "ನನ್ನ ಅಳಿಯ ಸ್ವಲ್ಪ ನುಡಿಸ್ತಾನೆ. ಕೊಟ್ರೆ ಶನಿವಾರ ಮಂಟಪಕ್ಕೆ ತರ್ತೀವಿ."

"ತಗೊಂಡ್ಹೋಗಿ. ಅದೇ ಅವ್ರನ್ನ ತಿಂದಿದ್ದು."

ಕಟಿಂಗ್ ಶಾಪಿನವನು ಲೋಟ ಕೆಳಗಿಟ್ಟ. "ಹಾಗನ್ನಬೇಡಿ ಅತ್ತಿಗೆ. ಶನಿವಾರ ಅವನಿಗೇನೂ ಆಗ್ಲಿಲ್ಲ. ಆಗಿದ್ದು ಕೇರಂ ಆಡುವಾಗ. ಹಂಗಂತ ನಾನು ಬೋರ್ಡ್ ಸುಟ್ಟುಹಾಕ್ಲಾ? ಸುಡೋಣ ಅಂತಾನೂ ಎತ್ಕೊಂಡೆ. ಆಗ್ಲಿಲ್ಲ."

ಅವಳು ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಟ್ಟಳು.

"ಆ ಕೊನೇ ಹಾಡು ನಾವು ಮತ್ತೆ ಮುಟ್ಟಿಲ್ಲ. ಉಳಿದರ್ಧ ಅವನ ಹತ್ರಾನೇ ಇದೆ" ಎಂದು ಅವನು ಕೈ ಒರೆಸಿಕೊಂಡ. "ಕೊಡೋದು ಬಿಡೋದು ನಿಮ್ಮಿಷ್ಟ. ಆದ್ರೆ ಮುಚ್ಚಿ ಇಡಬೇಡಿ. ಗಾಳಿ ಆಡದಿದ್ರೆ ತಿದಿ ಬಿರುಸಾಗಿ ಸೀಳೋಗುತ್ತೆ. ಆಮೇಲೆ ಯಾರಿಗೂ ಕೆಲಸಕ್ಕೆ ಬರಲ್ಲ."

ಆ ಮಾತು ಅವಳಿಗೆ ಚುಚ್ಚಿತು. ಅವರು ಹೋದದ್ದೇ ತಡ ಮಂಚದ ಕೆಳಗೆ ತೂರಿ ಪೆಟ್ಟಿಗೆ ಎಳೆದಳು. ಮುಚ್ಚಳ ತೆಗೆದಳು. ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಪಟ್ಟಿಗೆ ತೋಳು ತೂರಿಸಿ, ತಿದಿ ಬಿಗಿದಿದ್ದ ಗುಂಡಿ ಬಿಚ್ಚಿ ಅದನ್ನು ಎಳೆದಳು. ಬರಲಿಲ್ಲ. ಇನ್ನಷ್ಟು ಎಳೆದಳು. ಒಳಗೆ ಎಲ್ಲೋ ಕಿರ್ ಎಂದಿತು. ಇದೂ ಹೋಯಿತೇ, ಇದನ್ನೂ ನಾನು ನೋಡಿಕೊಳ್ಳಲಿಲ್ಲವೇ ಎಂದು ಎಳೆಯುವುದನ್ನು ನಿಲ್ಲಿಸಿದಳು.

ಆಗ ನೆನಪಾಯಿತು. ನುಡಿಸಿ ಮುಗಿಸಿದ ಮೇಲೆ ಅವನು ಎಡಗೈ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿಕೊಂಡು ತಿದಿ ಮಡಿಸುತ್ತಿದ್ದ. ಅದು ಗಾಳಿಯ ಗುಂಡಿ. ಅದನ್ನೊತ್ತಿದರೆ ಸ್ವರ ಬರುವುದಿಲ್ಲ, ಬರೀ ಗಾಳಿ ಓಡಾಡುತ್ತದೆ. ತಡಕಿ ಒತ್ತಿದಳು. ಮೆಲ್ಲಗೆ ಎಳೆದಳು. ತಿದಿ ಬಿಚ್ಚಿಕೊಂಡಿತು. ಹಾ ಎಂದು ಗಾಳಿ ಒಳಗೆ ಹೋಯಿತು, ಹೂ ಎಂದು ಹೊರಗೆ ಬಂತು.

ಅಳಿಯನಿಗೆ ಕೊಡಲಿಲ್ಲ. "ಆಮೇಲೆ ನೋಡೋಣ" ಎಂದು ಹೇಳಿ ಕಳಿಸಿದಳು. ರೈಟ್ ಬೇಜಾರು ಮಾಡಿಕೊಳ್ಳಲಿಲ್ಲ.

ಶನಿವಾರ ಒಮ್ಮೊಮ್ಮೆ ಪಾರ್ಕಿಗೆ ಹೋಗುತ್ತಾಳೆ. ಮೂರನೇ ಬೆಂಚಿನಲ್ಲೇ ಕೂರುತ್ತಾಳೆ. ಛತ್ರಿ ತರುವುದಿಲ್ಲ. ಈಗ ಕಣ್ಣು ಕಟಿಂಗ್ ಶಾಪಿನವನ ಮುಖದ ಮೇಲೆ, ಅವನೂ ತುಂಬಾ ಬೆವರುತ್ತಾನೆ.

ಬೆಳಗ್ಗೆ ಎದ್ದವಳು ಮೊದಲು ಒಲೆ ಹಚ್ಚುವುದಿಲ್ಲ. ಪೆಟ್ಟಿಗೆ ಎಳೆದು, ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಒಣಬಟ್ಟೆಯಲ್ಲಿ ಬೆರಳೊತ್ತುವ ಸ್ವರದ ಮನೆಗಳ ಧೂಳು ಒರೆಸುತ್ತಾಳೆ. ತೊಗಲಿನ ತೇಪೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡುತ್ತಾಳೆ, ಎಲ್ಲಾದರೂ ಬಿಟ್ಟಿದೆಯೇ ಎಂದು. ಆಮೇಲೆ ಗಾಳಿಯ ಗುಂಡಿ ಒತ್ತಿ ತಿದಿ ಎಳೆಯುತ್ತಾಳೆ, ಮಡಿಸುತ್ತಾಳೆ, ಕಿವಿಗೊಟ್ಟು ಕೇಳುತ್ತಾಳೆ. ಸರಿಯಾಗಿ ಆಡುತ್ತಿದೆ ಎನ್ನಿಸಿದ ಮೇಲೆ ಎದ್ದು ಟೀಗೆ ನೀರಿಡುತ್ತಾಳೆ.