ಘಟ ಮೇಯ್ದ ಮರಿ

ಚಂದ್ರಭಾಗಾ ಪ್ರಾಣಿಗಳನ್ನು ಮುದ್ದಿಸುವ ಹೆಂಗಸಲ್ಲ. ಮೈಂದರ್ಗಿಯ ಸುತ್ತಿನ ಬಯಲಲ್ಲಿ ಮೂವತ್ತು ವರ್ಷ ಕುರಿ ಕಾಯ್ದರೂ ಒಂದು ಕುರಿಗೂ ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ಸಂತೆಗೆ ಹೊಡೆಯುವಾಗ ಕಾಲು ಏಳುವುದಿಲ್ಲ ಎನ್ನುವಳು. ಆದರೆ ಅವಳಿಗೊಂದು ಹೆಮ್ಮೆ ಇತ್ತು, ಅದನ್ನು ಹೇಳಿಕೊಳ್ಳಲು ಸಂಕೋಚವೂ ಇರಲಿಲ್ಲ: "ನನ್ನ ಕೈಯಾಗ ಯಾವ ಮರೀನೂ ಹಸದು ಸತ್ತಿಲ್ಲ." ರೋಗ ಬಂದು ಸತ್ತಿದ್ದವು, ತೋಳನ ಪಾಲಾಗಿದ್ದವು. ಹಸಿವಿನಿಂದ ಒಂದೂ ಇಲ್ಲ. ತಾಯಿ ಒದ್ದು ದೂಡಿದ ಮರಿಯನ್ನು, ಮರಿ ಕಳೆದುಕೊಂಡ ಇನ್ನೊಂದು ಕುರಿಯ ಕೆಳಗೆ ಬಿಡುತ್ತಿದ್ದಳು. ಅದೂ ಮೂಸಿ ಒದ್ದರೆ ಸತ್ತ ಮರಿಯ ಚರ್ಮವನ್ನೇ ಬದುಕಿದ್ದಕ್ಕೆ ಹೊದಿಸಿ, ಹಾಲು ಕುಡಿಯುವವರೆಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಇಂಥವಳ ಹೆಮ್ಮೆಯನ್ನು ಅಂಗೈ ಅಗಲದ ಒಂದು ಜೀವ ಪರೀಕ್ಷೆಗೆ ಒಡ್ಡೀತೆಂದು ಯಾರೂ ಎಣಿಸಿರಲಿಲ್ಲ.

ಗಂಡ ಗುರುಸಿದ್ಧ ತೀರಿಕೊಂಡ ಮೇಲೆ ಅವಳು ಕುರಿ ಮಾರಿ ಸೊಲ್ಲಾಪುರಕ್ಕೆ, ಮಗ ಅಮೋಲನ ಮನೆಗೆ ಬಂದಳು. ಅಮೋಲ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಸೊಸೆ ಸುವರ್ಣಾ ಶಾಲೆಯ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಮೊಮ್ಮಗಳು ಸೋನಾಲಿ ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಗಣಪತಿ ಹಬ್ಬದ ಹೊತ್ತಿಗೆ ಅಮೋಲ ಮಗಳಿಗೆಂದು ರಟ್ಟಿನ ಡಬ್ಬಿಯಲ್ಲಿ ಒಂದು ಗಿನಿ ಪಿಗ್ ಮರಿ ತಂದ.

"ಪಿಗ್ ಅಂದ್ರ ಹಂದಿ ಅಲ್ಲೇನೋ?" ಎಂದಳು ಚಂದ್ರಭಾಗಾ.

"ಹೆಸರಷ್ಟ ಹಂದಿ, ಅವ್ವಾ. ಹುಲ್ಲು ತಿನ್ನೂ ಜಾತಿ."

ಅವಳು ಅದನ್ನು ಎತ್ತಿ ತಿರುಗಿಸಿ, ಹಲ್ಲು ನೋಡಿ, ಹೊಟ್ಟೆ ಒತ್ತಿ ನೋಡಿದಳು. "ಬಾಲಾನ ಇಲ್ಲ. ಮಾಡಿದಾಂವ ಅರ್ಧಕ್ಕ ಎದ್ದು ಹ್ವಾದನೇನು?"

ಹುಲ್ಲು ತಿನ್ನುವ ಜಾತಿಯೆಂಬ ಸುದ್ದಿ ಆ ಮರಿಗೆ ಪೂರ್ತಿ ಮುಟ್ಟಿರಲಿಲ್ಲ. ಮಾರಿದವನು ಕಡಕ ರೊಟ್ಟಿಯ ಚೂರು, ಶೇಂಗಾ ಹಾಕಿ ಬೆಳೆಸಿದ್ದ. ಅವೆರಡು ಬಿಟ್ಟರೆ ಒಣಗಿದ ಹುಲ್ಲಿಗೆ ಬಾಯಿ ಹಾಕುತ್ತಿತ್ತು, ಅಷ್ಟೆ. ಕೊತ್ತಂಬರಿ, ಗಜ್ಜರಿ, ಸೌತೆಕಾಯಿ ಏನು ಇಟ್ಟರೂ ಮೂಸಿ ಹಿಂದೆ ಸರಿಯುತ್ತಿತ್ತು. ಸುವರ್ಣಾ ಗಜ್ಜರಿಯನ್ನು ಹೂವಿನ ಹಾಗೆ ಕತ್ತರಿಸಿಟ್ಟಳು. ಮರಿ ಅದರ ಮೇಲೆ ಕಾಲಿಟ್ಟು ದಾಟಿ ರೊಟ್ಟಿಯ ಕಡೆ ಹೋಯಿತು.

"ಕಡಕ ರೊಟ್ಟಿ, ಶೇಂಗಾನ ಬೇಕು! ಅಪ್ಪಟ ಸೊಲ್ಲಾಪುರದ್ದ ಅದ ಬಿಡ್ರಿ ಅತ್ತಿ," ಎಂದು ನಕ್ಕಳು ಸುವರ್ಣಾ. ಸೋನಾಲಿ ಅದಕ್ಕೆ ಶೇಂಗ್ಯಾ ಎಂದು ಹೆಸರಿಟ್ಟಳು.

ನಗು ಬಹಳ ದಿನ ಉಳಿಯಲಿಲ್ಲ. ಶೇಂಗ್ಯಾನ ಕೂದಲು ಒರಟಾಯಿತು. ಹಿಂಗಾಲು ಮುಟ್ಟಿದರೆ ಕೀಚಲು ದನಿಯಲ್ಲಿ ಚೀರತೊಡಗಿತು. ದನದ ಡಾಕ್ಟರರು ಒಸಡು ನೋಡಿ, ಇದಕ್ಕೆ ಸಿ ಜೀವಸತ್ವ ಕಡಿಮೆಯಾಗಿದೆ, ಈ ಪ್ರಾಣಿಯ ಮೈ ಅದನ್ನು ತಾನೇ ತಯಾರಿಸಿಕೊಳ್ಳಲಾರದು ಎಂದರು. ಹನಿ ಔಷಧ ಕೊಟ್ಟರು. "ಹನಿಯಿಂದ ದಿನ ದೂಡಬಹುದು. ಹಸಿರು ತರಕಾರಿ ತಿನ್ನುವುದನ್ನು ಕಲಿಯದಿದ್ದರೆ ಉಳಿಯುವುದು ಕಷ್ಟ. ಢಬ್ಬು ಮಿರ್ಚಿ, ಅಂದರೆ ಖಾರವಿಲ್ಲದ ದಪ್ಪ ಮೆಣಸಿನಕಾಯಿ, ತಿಂದರೆ ಎಲ್ಲಕ್ಕಿಂತ ಒಳ್ಳೆಯದು."

ಮನೆಗೆ ಬಂದು ಸೋನಾಲಿ ಅತ್ತಳು. ಚಂದ್ರಭಾಗಾ ಅವಳ ಕಣ್ಣೊರೆಸಲಿಲ್ಲ. "ಅಳೂದ್ರಿಂದ ಅದರ ಹೊಟ್ಟಿ ತುಂಬೂದಿಲ್ಲ. ನನ್ನ ಕೈಯಾಗ ಯಾವ ಮರೀನೂ ಹಸದು ಸತ್ತಿಲ್ಲ. ಇದೂ ಸಾಯೂದಿಲ್ಲ," ಎಂದಳು. ಮಾತು ಕೊಟ್ಟಾಯಿತು.

ಮೊದಲು ಕೊತ್ತಂಬರಿಯನ್ನು ಸಣ್ಣಗೆ ಹೆಚ್ಚಿ ರೊಟ್ಟಿಪುಡಿಯಲ್ಲಿ ಬೆರೆಸಿದಳು. ಶೇಂಗ್ಯಾ ಪುಡಿಯನ್ನಷ್ಟೇ ತಿಂದು ಹಸಿರನ್ನು ಬಟ್ಟಲಲ್ಲಿ ಬಿಟ್ಟಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸಿಗೂ ಅಷ್ಟು ಚೊಕ್ಕವಾಗಿ ಆರಿಸಲಾಗದು. ಮೇಕೆಮರಿಗಳಿಗೆ ತೊಪ್ಪಲು ಕಟ್ಟುವ ಹಾಗೆ ಮೆಂತ್ಯದ ಕಟ್ಟನ್ನು ದಾರದಲ್ಲಿ ತೂಗುಬಿಟ್ಟಳು. ತೂಗಾಡುವುದನ್ನು ಕಂಡು ಅದು ಹೆದರಿ ಮೂಲೆ ಸೇರಿತು.

"ಗೊಟ್ಟ ಹಾಕಿಬಿಡು ಅವ್ವಾ," ಎಂದ ಅಮೋಲ. ಬಾಯಿಗೆ ಬಿದಿರಿನ ಕೊಳವೆಯಿಟ್ಟು ಸುರಿಯುವುದನ್ನು ಅವನು ಸಣ್ಣವನಿದ್ದಾಗ ನೋಡಿದ್ದ. "ಸಿರಿಂಜಿನ್ಯಾಗ ಪಲ್ಯಾದ ರಸ ತುಂಬಿ ಕುಡಸಿದ್ರಾತು."

"ಗೊಟ್ಟ ಔಷಧಕ್ಕ. ಊಟಕ್ಕ ಹಾಕಿದ್ರ ಊಟಾನೂ ಔಷಧಾಗಿ ಹೋಗ್ತದ. ಆಮ್ಯಾಲ ಅದು ಜಲ್ಮದಾಗ ಹಸರು ಮುಟ್ಟೂದಿಲ್ಲ."

ಅವಳು ಅದರ ಎದುರು ಕೂತು ನೋಡುತ್ತಲೇ ಇದ್ದಳು. ಕೊನೆಗೆ ಒಂದು ದಿನ ಸೋನಾಲಿಗೆ ಹೇಳಿದಳು, "ನಾವು ಇದಕ್ಕ ತಿನ್ನಾಕ ಕೊಡಾಕತ್ತೀವಿ. ಮೇಯಾಕ ಬಿಟ್ಟಿಲ್ಲ."

"ಎರಡೂ ಒಂದ ಅಲ್ಲೇನ ಆಯಿ?"

"ಒಂದ ಹ್ಯಾಂಗ ಆಗ್ತದ? ತಿನ್ನೂದಂದ್ರ ಯಾರರೆ ಕೊಟ್ಟದ್ದು. ಮೇಯೂದಂದ್ರ ತಾನ ಹುಡಿಕೊಂಡದ್ದು. ಮೇಯೂ ಜೀವಕ್ಕ ಬಟ್ಟಲಾ ಇಟ್ಟು ಕುಂತ್ರ ಅದಕ್ಕೇನ ತಿಳೀಬೇಕು?"

ಅಷ್ಟರಲ್ಲಿ ನವರಾತ್ರಿ ಬಂತು. ಮೈಂದರ್ಗಿಯ ಮನೆಯಲ್ಲಿ ದೇವಿಯ ಘಟ ಕೂಡಿಸುವವಳು ನೆಗೆಣ್ಣಿ ಮಾಳವ್ವ, ಗುರುಸಿದ್ಧನ ಅಣ್ಣನ ಹೆಂಡತಿ. ಅಮೋಲ, ಸುವರ್ಣಾ ದಸರೆಗೆ ಬರುವುದೆಂದಾಯಿತು. ಚಂದ್ರಭಾಗಾ ಸೋನಾಲಿಯನ್ನೂ ಟೊಮ್ಯಾಟೊ ಕ್ರೇಟಿನಲ್ಲಿ ಶೇಂಗ್ಯಾನನ್ನೂ ಕರೆದುಕೊಂಡು ನಾಲ್ಕೈದು ದಿನ ಮುಂಚೆಯೇ ಬಸ್ಸು ಹತ್ತಿದಳು. ಅಕ್ಕಲಕೋಟೆಯಲ್ಲಿ ಬದಲಿಸಿದ ಬಸ್ಸಿನಲ್ಲಿ ಕಂಡಕ್ಟರ್ ಕ್ರೇಟಿಗೆ ಬಗ್ಗಿ ನೋಡಿದ.

"ಮಾವಶಿ, ಏನ್ರಿ ಇದು?"

"ಹೆಸರು ಹಂದೀದು, ಮಾರಿ ಇಲೀದು, ತಿನ್ನೂದು ಮನಷ್ಯಾರದು."

"ಹಂಗಾರ ಮೂರೂ ತಿಕೀಟ ತಗೀಬೇಕಾಗ್ತದ ನೋಡ್ರಿ," ಎಂದು ಅವನು ನಗುತ್ತ ಮುಂದೆ ಹೋದ.

ಹೊಲಗಳಲ್ಲಿ ಹಿಂಗಾರಿ ಜೋಳ ಆಗಷ್ಟೇ ಗೇಣುದ್ದ ಎದ್ದಿತ್ತು. ಮರುದಿನ ಚಂದ್ರಭಾಗಾ ಮರಿ ಮುಚ್ಚುವ ದೊಡ್ಡ ಬುಟ್ಟಿಯನ್ನು ಹೊತ್ತು ಹೊರಟಳು. ಸೋನಾಲಿ ಜೋಳದ ಸಾಲಿನ ಹಸಿರು ಕಂಡು ಅತ್ತ ಓಡಿದಳು.

"ಅಲ್ಲಿ ಬ್ಯಾಡ!" ಅಜ್ಜಿಯ ಗಂಟಲಿಗೆ ಅವಳು ಬೆಚ್ಚಿ ನಿಂತಳು.

ಎಳೆಯ ಜೋಳದ ಪೈರಿನಲ್ಲಿ ವಿಷವಿರುತ್ತದೆ. ಚಂದ್ರಭಾಗಾ ಮದುವೆಯಾಗಿ ಬಂದ ಹೊಸತು. ಮಳೆ ತಡೆದು ಜೋಳ ಬಾಡಿದ್ದ ಹೊಲಕ್ಕೆ ಹಿಂಡು ನುಗ್ಗಿತ್ತು. ಗಂಡಸರು ಹುಲಜಂತಿಯ ಜಾತ್ರೆಗೆ ಹೋಗಿದ್ದರು. ಮನೆಯಲ್ಲಿದ್ದವರು ಅವಳು, ಮಾಳವ್ವ ಇಬ್ಬರೇ. ಹಿಂಡನ್ನು ಹೊರಗೆ ಹೊಡೆಯುವಷ್ಟರಲ್ಲಿ ಕುರಿಗಳು ನಿಂತಲ್ಲೇ ಕಾಲು ಸೆಟೆದು ಬೀಳತೊಡಗಿದವು. ಇಬ್ಬರೂ ಮನೆಯ ಬೆಲ್ಲವನ್ನೆಲ್ಲ ಕೊಡದಲ್ಲಿ ಕದಡಿ, ಬಿದ್ದ ಒಂದೊಂದರ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಗೊಟ್ಟ ಹಾಕಿದರು. ಕೆಲವು ಎದ್ದವು, ಕೆಲವು ತೊಡೆಯ ಮೇಲೆಯೇ ತಣ್ಣಗಾದವು. ಮಾವ ಬಂದು ನೋಡಿ, ಸತ್ತವುಗಳ ಮಾತೆತ್ತದೆ, ಉಳಿದ ಹಿಂಡಿನ ಕೋಲನ್ನು ಕಿರಿಯ ಸೊಸೆಯ ಕೈಗೆ ಕೊಟ್ಟ. ಅವಳು ಕುರಿ ಕಾಯುವವಳಾದದ್ದು ಹಾಗೆ.

ಈ ಕತೆಯನ್ನು ಸೋನಾಲಿಗೆ ಹೇಳುತ್ತ ಬದುವಿನ ಗರಿಕೆಯ ಮೇಲೆ ಬುಟ್ಟಿ ಬೋರಲು ಹಾಕಿ ಶೇಂಗ್ಯಾನನ್ನು ಒಳಗೆ ಬಿಟ್ಟಳು. ಶೇಂಗ್ಯಾ ಕಲ್ಲಾಗಿ ಕೂತಿತು. ಬುಟ್ಟಿಯ ಸಂದಿಯಿಂದ ಆಕಾಶ ಕಾಣುತ್ತಿತ್ತು. ಹದ್ದಿನ ನೆರಳು ಹಾದಾಗಲೆಲ್ಲ ಅದರ ಮೈ ಜುಮ್ಮೆನ್ನುತ್ತಿತ್ತು. ಹೊತ್ತು ಏರುವವರೆಗೂ ಒಂದು ಎಸಳನ್ನೂ ಮುಟ್ಟಲಿಲ್ಲ.

"ಕುರಿ ಕಾದಾಕಿಗಿ ಇಲಿ ಕಾಯಾಕ ಬರವಲ್ದು," ಎಂದು ಮಾಳವ್ವ ಅಂಗಳದಲ್ಲೇ ಚುಚ್ಚಿದಳು. ಚಂದ್ರಭಾಗಾ ಬುಟ್ಟಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅಂದು ಅವಳು ಉಂಡದ್ದು ಕಡಿಮೆ. ಹನಿ ಔಷಧದ ಬಾಟಲಿಯ ತಳ ಕಾಣುತ್ತಿತ್ತು.

ಬೆಳಿಗ್ಗೆ ಘಟಕ್ಕೆ ನೀರು ಚಿಮುಕಿಸಲು ದೇವರ ಕೋಣೆಗೆ ಹೋದ ಮಾಳವ್ವ ಕಿರುಚಿದಳು.

"ಚಂದ್ರವ್ವಾ! ಬಾರವಾ ಇಲ್ಲಿ! ದೇವೀ ಘಟಕ್ಕ ನಿನ್ನ ಹಂದಿ ಬಾಯಿ ಹಾಕೇದ!"

ಸೋನಾಲಿ ಕ್ರೇಟಿನ ಮುಚ್ಚಳದ ದಾರ ಕಟ್ಟುವುದನ್ನು ಮರೆತಿದ್ದಳು. ಎಲೆಯ ಮೇಲೆ ಹೊಲದ ಮಣ್ಣು ಹರಡಿ, ಗೋಧಿ, ಜೋಳ ಬಿತ್ತಿ, ನಡುವೆ ನೀರಿನ ಮಡಕೆ ಇಟ್ಟ ಘಟ ಅದು. ಕತ್ತಲ ಮೂಲೆಯಲ್ಲಿ ಸಸಿಗಳು ದಟ್ಟವಾಗಿ ಎದ್ದಿದ್ದವು. ನಂದಾದೀಪದ ಬೆಳಕಿನಲ್ಲಿ ಆ ಸಣ್ಣ ಕಾಡಿನೊಳಗೆ ಶೇಂಗ್ಯಾ ಹಿಂಭಾಗ ಮಾತ್ರ ಹೊರಗಿಟ್ಟು ಕೂತಿತ್ತು. ಕರಕರ ಸದ್ದು ಬಾಗಿಲವರೆಗೆ ಕೇಳಿಸುತ್ತಿತ್ತು.

ಮಾಳವ್ವ ಪೊರಕೆ ಎತ್ತಿದಳು. ಚಂದ್ರಭಾಗಾ ಆ ಕೈಯನ್ನು ಹಿಡಿದಳು.

"ಎಕ್ಕಾ, ಇದರಾಗ ಜ್ವಾಳಾ ಎಷ್ಟು ಹಾಕೀದಿ?"

ಅಷ್ಟು ಕೇಳಿದ್ದೇ ಮಾಳವ್ವನ ಕೈಯಿಂದ ಪೊರಕೆ ಜಾರಿತು. "ಹಿಡಿಯಷ್ಟ. ಅಯ್ಯ, ಬೆಲ್ಲಾ ತರ್ಲೇನ?"

"ತಡಿ."

ಚಂದ್ರಭಾಗಾ ನೆಲಕ್ಕೆ ಮೊಣಕಾಲೂರಿ, ಮರಿಯನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು. ಮತ್ತೊಂದು ಕೈಯಲ್ಲಿ ದೀಪ ಹಿಡಿದು ಸಸಿಯ ಬುಡ ಬುಡ ನೋಡುತ್ತ ಹೋದಳು. ಕುಡುಗೋಲಿನಿಂದ ಸವರಿದ ಹಾಗೆ ಗೋಧಿಯ ಸಸಿಗಳು ಮೋಟಾಗಿದ್ದವು. ಅವುಗಳ ನಡುನಡುವೆ, ಅಗಲ ಎಲೆಯ, ಕೆಂಪು ಬುಡದ ಜೋಳದ ಸಸಿಗಳು ತುದಿಯೂ ಮುಕ್ಕಾಗದೆ ನಿಂತಿದ್ದವು.

"ಜ್ವಾಳಾ ಮುಟ್ಟಿಲ್ಲ," ಎಂದಳು. ಮತ್ತೊಮ್ಮೆ ಸುತ್ತ ನೋಡಿ, "ಒಂದೂ ಮುಟ್ಟಿಲ್ಲ ಎಕ್ಕಾ. ಆರಿಸಿ ಮೇಯ್ದದ," ಎಂದಳು.

ಇಷ್ಟು ದಿನ ಎಲ್ಲರೂ ಬೈದದ್ದು ಅದು ಆರಿಸುತ್ತದೆ ಎಂದೇ. ಮಾಳವ್ವ ಗೋಡೆಗೆ ಒರಗಿ ಉಸಿರು ಬಿಟ್ಟಳು. ಉಸಿರು ಬಂದ ಮೇಲೆ ಸಿಟ್ಟೂ ಬಂತು.

"ಅದರ ಬುದ್ಧಿ ಹೊಗಳಕೋತ ಕುಂದರು. ದಸರಾಕ್ಕ ಗಂಡಸರು ಟೊಪಿಗ್ಯಾಗ ಏನ ಇಟ್ಕೋಬೇಕು? ನಾವು ತುರಬಿನ್ಯಾಗ ಏನ ಮುಡೀಬೇಕು?"

"ಜ್ವಾಳದ್ದ ಮುಡಿಯೋಣು. ಉಳದದಲ್ಲ."

"ದೇವಿಗಿ ಏನ ಹೇಳ್ಲಿ ನಾ?"

"ಹಸದ ಬಂದಿತ್ತು, ಉಂಡು ಹ್ವಾತು ಅನ್ನು. ಕುರಿ ಕಾದವರ ಮನಿ ದೇವಿ ಅದಾಳ. ತಿಳೀತದ ಆಕಿಗಿ."

ತಪ್ಪಾಯಿತೆಂದು ಅವಳು ಹೇಳಲಿಲ್ಲ. ಹೇಳುವ ಹೆಂಗಸೂ ಅಲ್ಲ. ಸ್ನಾನ ಮಾಡಿ ಬಂದು ಘಟಕ್ಕೆ ಕಾಯಿ ಒಡೆಸಿ, ದಸರೆಯವರೆಗೆ ನೀರು ಚಿಮುಕಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ದಸರೆಯ ದಿನ ಅವರ ಮನೆಯವರೆಲ್ಲ ಕೆಂಪು ಬುಡದ ಸಸಿ ಮುಡಿದು ಬನ್ನಿಗೆ ಹೋದರು. ಯಾರೋ ಕೇಳಿದ್ದಕ್ಕೆ, ಈ ವರ್ಷ ಗೋಧಿ ದೇವಿಗೇ ಬೇಕಾಯಿತು ಎಂದು ಉತ್ತರ ಕೊಟ್ಟವಳು ಮಾಳವ್ವ.

ಸೊಲ್ಲಾಪುರಕ್ಕೆ ಹಿಂತಿರುಗಿದ ಮೇಲೆ ಚಂದ್ರಭಾಗಾಗೆ ದಾರಿ ಸ್ಪಷ್ಟವಿತ್ತು. ಒಡೆದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಮಣ್ಣು ತುಂಬಿ ಗೋಧಿ, ಮೆಂತ್ಯ, ಕೊತ್ತಂಬರಿ ಬಿತ್ತಿದಳು. ಮೊಳೆತ ಮೇಲೆ ಮಂಚದ ಕೆಳಗೆ, ಕತ್ತಲು ಇದ್ದಲ್ಲಿ ಸರಿಸಿಟ್ಟಳು. ತಲೆಯ ಮೇಲೆ ಮರೆ, ಕಾಲ ಕೆಳಗೆ ಮಣ್ಣು, ಎದುರಿಗೆ ನಿಂತ ಹಸಿರು. ಶೇಂಗ್ಯಾ ಮೊದಲು ಗೋಧಿ ಮೇಯ್ದಿತು, ಆಮೇಲೆ ಅದರ ಸಂದಿಯ ಕೊತ್ತಂಬರಿಯನ್ನೂ. ಅನಂತರ ಅವಳು ಇನ್ನೂ ಮುಂದಕ್ಕೆ ಹೋದಳು. ಪೇಟೆಯಿಂದ ತಂದ ಪಾಲಕಿನ ದಂಟು, ಗಜ್ಜರಿಯ ತೊಪ್ಪಲು, ಉದ್ದಕ್ಕೆ ಸೀಳಿದ ಢಬ್ಬು ಮಿರ್ಚಿ ಇವನ್ನೆಲ್ಲ ಸಸಿಗಳ ನಡುವೆ ಮಣ್ಣಿಗೆ ಚುಚ್ಚಿ ನಿಲ್ಲಿಸಿದಳು.

"ಅತ್ತಿ, ಮಿರ್ಚಿ ಹಿಂಗ ಬೆಳೀತಾವೇನ್ರಿ?" ಎಂದು ಸುವರ್ಣಾ ಬಾಯಿಗೆ ಸೆರಗು ಹಚ್ಚಿ ನಕ್ಕಳು.

"ಅದು ಹೊಲಾ ನೋಡಿಲ್ಲ. ನೀ ಹೇಳಬ್ಯಾಡ."

ಶೇಂಗ್ಯಾ ಪಾಲಕಿನಿಂದ ಗಜ್ಜರಿಗೆ, ಗಜ್ಜರಿಯಿಂದ ಮಿರ್ಚಿಗೆ ಬಂದು, ಮೂಸಿ, ಯೋಚಿಸಿ, ಕಚ್ಚಿತು. ದೀಪಾವಳಿಯ ಹೊತ್ತಿಗೆ ಅದರ ಕೂದಲು ಮತ್ತೆ ನುಣುಪಾಗಿತ್ತು; ಹಿಂಗಾಲು ಮುಟ್ಟಿದರೆ ಚೀರುತ್ತಿರಲಿಲ್ಲ. ಡಾಕ್ಟರರು ಹನಿ ನಿಲ್ಲಿಸಿದರು.

ಒಂದು ಸಂಜೆ ಬೋಗುಣಿ ಖಾಲಿಯಾಗಿತ್ತು, ಹೊಸ ಬಿತ್ತನೆ ಇನ್ನೂ ಎದ್ದಿರಲಿಲ್ಲ. ಸೋನಾಲಿ ಧೈರ್ಯ ಮಾಡಿ ಢಬ್ಬು ಮಿರ್ಚಿಯ ಹೋಳನ್ನು ಹಳೆಯ ಬಟ್ಟಲಿನಲ್ಲೇ ಇಟ್ಟಳು. ಶೇಂಗ್ಯಾ ಬಂದು, ಬಟ್ಟಲಿನ ಅಂಚಿಗೆ ಮುಂಗಾಲೂರಿ ಅದನ್ನು ಮುಗಿಸಿತು.

"ಆಯಿ, ನೋಡ! ಇದು ಮೇಯಾಕತ್ತಿಲ್ಲ. ತಿನ್ನಾಕತ್ತದ!"

ಚಂದ್ರಭಾಗಾ ಮಂಚದ ಮೇಲೆ ಕೂತು, ಸೊಸೆ ಬಡಿಸಿ ಕೊಟ್ಟ ತಾಟಿನಲ್ಲಿ ರೊಟ್ಟಿ ಮುರಿಯುತ್ತಿದ್ದಳು. ಬಗ್ಗಿ ಒಮ್ಮೆ ನೋಡಿದಳು.

"ತಿನ್ನಲಿ," ಎಂದಳು. "ಪ್ಯಾಟಿಗಿ ಬಂದ ಮ್ಯಾಲ ನಾನೂ ಕಲ್ತೀನಲ್ಲ."