ಬಟ್ಟೆ ಮುಚ್ಚಿದ ಡಬ್ಬಿ

ಕಳೆದ ವಾರ ಆ ಡಬ್ಬಿಯ ಮುಚ್ಚಳ ತೆಗೆದಾಗ ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಹತ್ತಿಪ್ಪತ್ತು ಕಾಳು ಜೋಳ, ಪುಡಿಯಾದ ಎಲೆ. ಅಕ್ಕೋರು ತೀರಿಕೊಂಡ ಮೇಲೆ ಅವರ ತಂಗಿ ಅದನ್ನು ನನಗೆ ಕೊಟ್ಟಿದ್ದರು.

ಅಕ್ಕೋರು ಯಲಬುರ್ಗಾದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ನಮ್ಮ ಚರ್ಚಿನ ಸ್ತ್ರೀಯರ ಕೂಟವನ್ನು ನಡೆಸುತ್ತಿದ್ದವರೂ ಅವರೇ. ನಾನು ಆಗ ಹೊಸದಾಗಿ ಮದುವೆಯಾಗಿ ಬಂದವಳು, ಬಾಯಿ ಸ್ವಲ್ಪ ಜೋರು.

ಕೂಟ ಸೇರುತ್ತಿದ್ದುದು ಶುಕ್ರವಾರ ಮಧ್ಯಾಹ್ನ. ದಿನಕ್ಕೊಂದು ಹಿಡಿ ಜೋಳ ಎತ್ತಿಟ್ಟು, ವಾರದ್ದನ್ನು ಡಬ್ಬಿಯಲ್ಲಿ ಹಾಕಿ, ಬಟ್ಟೆ ಮುಚ್ಚಿಕೊಂಡು ಬರಬೇಕು. ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರಾಗಿ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಒಳಗೊಂದು ದೊಡ್ಡ ಹಂಡೆ. ಇದ್ದವರು ಸುರಿಯುತ್ತಿದ್ದರು, ಇಲ್ಲದವರು ತುಂಬಿಕೊಳ್ಳುತ್ತಿದ್ದರು. ಹೊರಗೆ ಬರುವಾಗ ಎಲ್ಲರ ಡಬ್ಬಿಯ ಮೇಲೂ ಬಟ್ಟೆ. ಯಾರು ಕೊಟ್ಟರು, ಯಾರು ಒಯ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ಉಳಿದ ಜೋಳ ಬೀಸಿಸಿ, ರೊಟ್ಟಿ ಬಡಿದು ದವಾಖಾನೆಯ ರೋಗಿಗಳಿಗೆ ಒಯ್ಯುತ್ತಿದ್ದೆವು.

ಒಂದು ಶುಕ್ರವಾರ ತಳಕಲ್ಲಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಕೋಣೆಯಿಂದ ಹೊರಬಂದು ಬಸ್ಸಿಗೆಂದು ಅವಸರ ಮಾಡುತ್ತಿದ್ದಳು. ನಾನು ನೆರವಾಗುವ ಹುಮ್ಮಸ್ಸಿನಲ್ಲಿ ಅವಳ ಡಬ್ಬಿ ಎತ್ತಿಕೊಂಡೆ. ಬಂದಾಗ ಇಳಿಸಿಟ್ಟವಳೂ ನಾನೇ.

“ಯಕ್ಕಾ, ಬರೋವಾಗ ಹಗೂರ ಇತ್ತು, ಈಗ ಭಾಳ ವಜ್ಜಾ ಆಗೇತಲ್ಲ?” ಅಂದುಬಿಟ್ಟೆ.

ಮಂಡಾಳ ಒಗ್ಗರಣಿ ತಿನ್ನುತ್ತಿದ್ದ ಒಂದಿಬ್ಬರು ನಕ್ಕರು. ಅವಳು ನೆಲ ನೋಡಿಕೊಂಡು ಹೋದಳು. ಮುಂದಿನ ಶುಕ್ರವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಅವಳ ಗಂಡ ಹಾಸಿಗೆ ಹಿಡಿದಿದ್ದುದು, ಇಬ್ಬರು ಮಕ್ಕಳಿರುವುದು ನನಗೆ ಆಮೇಲೆ ಗೊತ್ತಾಯಿತು.

ಅಕ್ಕೋರು ಬೈಯಲಿಲ್ಲ. “ಆಕಿ ಮನ್ಯಾಗ ಒಲಿ ಹೊತ್ತೈತೋ ಇಲ್ಲೋ, ಯಾರಿಗ್ ಗೊತ್ತವ್ವ,” ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು…

ಅವರೇ ಬಸ್ಸು ಹತ್ತಿ ತಳಕಲ್ಲಿಗೆ ಹೋಗಿ, ಒಂದು ಸಲ ಬಾ ಎಂದು ಅವಳನ್ನು ಕರೆದು ಬಂದರು. ಆ ಶುಕ್ರವಾರ ಅವಳು ಬಾಗಿಲ ಬಳಿಯೇ ಕೂತಿದ್ದಳು. ಪ್ರಾರ್ಥನೆ ಮುಗಿದದ್ದೇ ಅಕ್ಕೋರು ಮೊದಲು ಕೋಣೆಗೆ ಹೋದರು. ಹೊರಬಂದು, ಎಲ್ಲರೆದುರು ಡಬ್ಬಿಯ ಮೇಲಿನ ಬಟ್ಟೆ ತೆಗೆದರು. ಕಂಠದವರೆಗೆ ಜೋಳ.

“ತಂಗಿ, ವಜ್ಜಾ ಐತಿ. ನಮ್ಮನಿ ತನಕಾ ಹೊತ್ಕೊಂಡ ಬಾ,” ಎಂದು ನನ್ನ ಕೈಗೆ ಕೊಟ್ಟರು.

ಯಾರೂ ನಗಲಿಲ್ಲ. ತಳಕಲ್ಲಿನ ಹೆಂಗಸು ಎದ್ದು, ತನ್ನ ಡಬ್ಬಿ ಹಿಡಿದು ಕೋಣೆಯೊಳಗೆ ಹೋದಳು.

ಬಜಾರಿನ ನಡುವೆ ಆ ಡಬ್ಬಿ ಹೊತ್ತು ನಡೆದಾಗ ನಾಚಿಕೆಯಾಗಿತ್ತು, ನಿಜ. ಆದರೆ ಅಕ್ಕೋರ ಜಾಣತನಕ್ಕೆ ಒಳಗೊಳಗೇ ತಲೆದೂಗಿದ್ದೆ. ಅವಳ ಮಾನ ಉಳಿಸಲು ತಾವೇ ಇಲ್ಲದವರಂತೆ ಎಂಥ ನಾಟಕ ಮಾಡಿದರು ಎಂದು ಎಷ್ಟೋ ವರ್ಷ ಕೂಟದ ಹೊಸ ಸೊಸೆಯಂದಿರಿಗೆಲ್ಲ ಹೇಳಿಕೊಂಡು ಬಂದೆ.

ಅಕ್ಕೋರ ತಂಗಿ ಡಬ್ಬಿ ಕೊಡುವಾಗ ಅವರಿಗೂ ಅದನ್ನೇ ಹೇಳಿದೆ.

“ನಾಟಕ ಅಲ್ಲವ್ವ ಅದು. ಆಗ ಅಕ್ಕನ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಯಾರಿಗೂ ಗೊತ್ತಾಗಬಾರದಂತ ದಿನಾ ಮುಂಜಾನಿ ಬ್ಯಾಗ್ ಹಿಡಕೊಂಡು ಹೊರಗ ಹೋಗ್ತಿದ್ಲು. ನೀ ತಂದ ಆ ಜ್ವಾಳಾನ ನಾವಿಬ್ರೂ ಉಂಡೀವಿ.”

ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನನ್ನ ಒಂದು ಮಾತಿನಿಂದಾಗಿ ಅಕ್ಕೋರು ಎಲ್ಲರೆದುರು ತೆರೆದಿದ್ದರು…

ಈಗ ಕೂಟದಲ್ಲಿ ಹಂಡೆಯಿಲ್ಲ. ಕ್ರಿಸ್‌ಮಸ್ಸಿಗೆ ಅಕ್ಕಿ, ಎಣ್ಣೆಯ ಚೀಲ ಹಂಚಿ ಗ್ರೂಪಿಗೆ ಫೋಟೊ ಹಾಕುತ್ತೇವೆ. ಫೋಟೊ ತೆಗೆಯುವವಳು ನಾನು. ಚೀಲ ಹಿಡಿದವರಿಗೆ, ಈ ಕಡೆ ನೋಡ್ರಿ ಎಂದು ಹೇಳುವವಳೂ ನಾನೇ.

ತಪ್ಪಾಯಿತು ಎನ್ನೋಣವೆಂದರೆ ಅಕ್ಕೋರಿಲ್ಲ. ಡಬ್ಬಿಯನ್ನು ತೊಳೆಯಲು ಮನಸ್ಸಾಗಲಿಲ್ಲ. ದಿನಕ್ಕೊಂದು ಹಿಡಿ ಜೋಳ ಹಾಕುತ್ತಿದ್ದೇನೆ, ಮೇಲೆ ಬಟ್ಟೆ ಮುಚ್ಚಿದ್ದೇನೆ. ನಾಳೆ ಶುಕ್ರವಾರ. ಆ ಹಂಡೆ ಎಲ್ಲಿ ಹೋಯಿತೆಂದು ಕೇಳಬೇಕು.